ಹಸಿರು ರಟ್ಟಿನ ಮಹಾಸಮರ

ಎಲೈ ವಾಗ್ದೇವಿಯೇ, ವೀಣಾಪುಸ್ತಕಧಾರಿಣಿಯೇ, ಯುಗಯುಗಗಳಿಂದ ಕೈಯಲ್ಲಿ ಪುಸ್ತಕ ಹಿಡಿದಿದ್ದರೂ ಅದನ್ನು ಬಿಡಿಸಿ ಓದುತ್ತಿರುವಂತೆ ಯಾವ ಕ್ಯಾಲೆಂಡರಿನಲ್ಲಿಯೂ ಕಾಣಿಸಿಕೊಳ್ಳದ ತಾಯಿಯೇ, ಇಳಿದು ಬಂದು ನನ್ನ ನಾಲಿಗೆಯ ಮೇಲೆ ಕೂಡು! ಧಾರಾವಾಹಿಗಳು ಸಂಜೆಯನ್ನೂ ಮೊಬೈಲುಗಳು ಉಳಿದ ಹೊತ್ತನ್ನೂ ನುಂಗಿ ತೇಗುತ್ತಿದ್ದ ಘೋರ ಯುಗದಲ್ಲಿ, ಮಂಡಕ್ಕಿಮೆಣಸಿನಕಾಯಿಪರಿಮಳಪರಿವೇಷ್ಟಿತವಾದ ದಾವಣಗೆರೆಯೆಂಬ ಪಟ್ಟಣದಲ್ಲಿ, ಬಡಾವಣೆಯ ಪುಟ್ಟ ಶಾಖಾ ಗ್ರಂಥಾಲಯವೆಂಬ ರಣಾಂಗಣದಲ್ಲಿ, ಬೀಗರಿಬ್ಬರ ನಡುವೆ ನಡೆದ ಭೀಕರ ಕಾಳಗವನ್ನು ಹಾಡಲು ಹೊರಟಿದ್ದೇನೆ. ಕೆಮ್ಮುವವರು ಈಗಲೇ ಕೆಮ್ಮಿಬಿಡಿ. ನಡುವೆ ಕೆಮ್ಮಿದರೆ ನಾನು ಮತ್ತೆ ಮೊದಲಿನಿಂದ ಶುರು ಮಾಡುವವನು, ನನ್ನ ಸ್ವಭಾವ ನಿಮಗೆ ಗೊತ್ತಲ್ಲ.

ಮೊದಲು ನಾಯಕನನ್ನು ನೋಡಿ. ಈತನೇ ಕೊಟ್ರಬಸಪ್ಪ! ನಿವೃತ್ತನಿಲ್ದಾಣಾಧಿಪತಿ, ಸಹಸ್ರಶಕಟನಿರ್ಗಮನನಿಯಾಮಕ; ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಸೀಟಿ ಊದಿ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುತ್ತಿದ್ದ ಕಂಟ್ರೋಲರ್. ಬಸ್ಸುಗಳು ಹೊರಡುವುದನ್ನು ಮಾತ್ರ ಕಂಡ ಮಹಾನುಭಾವ, ಅವು ಊರು ಮುಟ್ಟಿದ್ದನ್ನು ಎಂದೂ ಕಂಡವನಲ್ಲ. ಅದೇ ಅಭ್ಯಾಸ ಪುಸ್ತಕಕ್ಕೂ ಬಂತು. ಗ್ರಂಥಾಲಯದವರು ವರ್ಷ ವರ್ಷ ಓದಿನ ಸವಾಲು ಹಾಕುವರು. ಈ ವೀರನು ಮೊದಲಿಗನಾಗಿ ಹೆಸರು ಕೊಡುವನು. ಮುಂಜಾನೆಗೆ ಕಾದಂಬರಿ, ಊಟವಾದ ಮೇಲೆ ಪ್ರಬಂಧ, ಅದು ಮುಗಿದ ಮೇಲೆ ಯಾವುದು, ಆಮೇಲೆ ಯಾವುದು ಎಂದು ಗೋಡೆಯ ಮೇಲೆ ಟೈಂಟೇಬಲ್ ಬರೆದು ಅಂಟಿಸುವನು. ಮೊದಲ ಪುಟ ಓದುವನು. ಅಷ್ಟರಲ್ಲಿ ಮುಂದಿನ ಪುಸ್ತಕದ ಯೋಚನೆ ಬಂದು ಟೈಂಟೇಬಲ್ ತಿದ್ದಲು ಏಳುವನು. ಹುಟ್ಟಿದಾರಭ್ಯ ಈತ ಒಂದೇ ಒಂದು ಪುಸ್ತಕವನ್ನೂ ಕೊನೆ ಮುಟ್ಟಿಸಿರಲಿಲ್ಲ.

ಇನ್ನು ಎದುರಾಳಿ. ಸೂಚಿಕಾಖಡ್ಗಧಾರಿಣಿ, ಕತ್ತರೀಚಕ್ರಹಸ್ತೆ, ಮೂಗಿನ ತುದಿಯ ಕನ್ನಡಕದ ಮೇಲಿಂದ ಲೋಕವನ್ನು ಅಳೆಯುವ ಸರ್ವಮಂಗಳಮ್ಮ! ಹೈಸ್ಕೂಲಿನಲ್ಲಿ ಹೊಲಿಗೆ ಟೀಚರಾಗಿದ್ದವಳು. ಕೊಟ್ರಬಸಪ್ಪನ ಒಬ್ಬಳೇ ಮಗಳು ಚೇತನಾಳನ್ನು ಸೊಸೆಯಾಗಿ ತಂದುಕೊಂಡವಳು, ಅಂದಮೇಲೆ ಆತನಿಗೆ ಬೀಗಿತ್ತಿ. ಪುಸ್ತಕ ಹಿಡಿದರೆ ಮುಗಿಸದೆ ಏಳುವವಳಲ್ಲ, ಮತ್ತು ಮುಗಿಸಿದ್ದನ್ನು ಊರಿಗೆಲ್ಲ ಹೇಳದೆ ಮಲಗುವವಳಲ್ಲ.

ಯುದ್ಧದ ಕಿಡಿ ಹೊತ್ತಿದ್ದು ಯುಗಾದಿಯ ಹೋಳಿಗೆಯ ಮುಂದೆ. ಚೇತನಾ ಬಡಿಸುತ್ತಾ, "ನಮ್ಮ ಅಪ್ಪಾಜಿನೂ ಭಾಳ ಓದ್ತಾರ್ರಿ ಅತ್ತಿ," ಎಂದಳು. ಸರ್ವಮಂಗಳಮ್ಮ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ನಗುನಗುತ್ತಲೇ, "ಓದ್ತಾರೆ ಓದ್ತಾರೆ. ನಿಮ್ಮಪ್ಪಾಜಿ ಓದೋ ಪುಸ್ತಕಕ್ಕೆ ಮೊದಲ್ನೇ ಪುಟ ಒಂದು ಇದ್ರೆ ಸಾಕು ನೋಡವ್ವ," ಎಂದುಬಿಟ್ಟಳು. ಪಂಕ್ತಿ ಪಂಕ್ತಿಯೇ ನಕ್ಕಿತು. ಕೊಟ್ರಬಸಪ್ಪನೂ ನಕ್ಕ, ಬೀಗರ ಮನೆಯಲ್ಲಿ ನಗದಿದ್ದರೆ ಹೇಗೆ! ಆದರೆ ಕೈ ತೊಳೆಯುವಾಗ ಮಗಳು ಚೊಂಬು ಹಿಡಿದು ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು, "ಅಪ್ಪಾಜಿ, ಒಂದೇ ಒಂದು ಪುಸ್ತಕ ಕೊನೀತನಕ ಓದು. ನನ್ನ ಸಲುವಾಗಿ," ಎಂದಳು.

ಆ ವರ್ಷದ ಸವಾಲು ಸಾಮಾನ್ಯದ್ದಲ್ಲ. ಶಾಖೆಯಲ್ಲಿರುವ ಅತಿ ದಪ್ಪ ಕಾದಂಬರಿ 'ಚಂದ್ರವ್ವನ ದಾವೆ'ಯನ್ನು ಆದ್ಯಂತ ಓದಬೇಕು. ಭಾನುವಾರದ ಸಭೆಯಲ್ಲಿ ಎದ್ದು ನಿಂತು ಅದರ ಕತೆಯನ್ನು ಹೇಳಬೇಕು. ಹೇಳಿದವರಿಗೆ ಶಾಲು, ಮತ್ತು ಬಾಗಿಲ ಪಕ್ಕದ ಬೋರ್ಡಿನಲ್ಲಿ ಹೆಸರು. ಗ್ರಂಥಪಾಲಕ ತಿಪ್ಪೇಸ್ವಾಮಿ ಇದನ್ನು ಸಾರುತ್ತಲೇ ಉಳಿದ ಓದುಗರೆಲ್ಲ ಆ ದಪ್ಪವನ್ನು ಕಣ್ಣಲ್ಲೇ ತೂಗಿ, ಮೆಲ್ಲಗೆ ದಿನಪತ್ರಿಕೆಯ ಕಡೆ ಸರಿದರು. ಕಣದಲ್ಲಿ ಉಳಿದವರು ಬೀಗರಿಬ್ಬರೇ.

ಆ ಪುಸ್ತಕದ ಬೆನ್ನು ಎಂದೋ ಮುರಿದಿತ್ತು. ಬೈಂಡು ಹಾಕುವವನು ಅದನ್ನು ನಡುವಿಗೆ ಸೀಳಿ, ಹಸಿರು ರಟ್ಟು ಹಾಕಿ, ಭಾಗ ಒಂದು, ಭಾಗ ಎರಡು ಎಂದು ಎರಡು ಪುಸ್ತಕ ಮಾಡಿಕೊಟ್ಟಿದ್ದ. ಪಕ್ಕದಲ್ಲೇ ಇದ್ದ ಇನ್ನೊಂದು ದಪ್ಪ ಕಾದಂಬರಿ 'ಹಡಗಿನ ಅಡುಗೆಭಟ್ಟ'ಕ್ಕೂ ಅದೇ ಗತಿ, ಅದೇ ಹಸಿರು ರಟ್ಟು. ಇದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ನನ್ನನ್ನು ಕೇಳಬೇಡಿ.

ಕಪಾಟಿನ ಮುಂದೆ ಇಬ್ಬರೂ ಒಮ್ಮೆಗೇ ಕೈ ನೀಡಿದರು. ಭಾಗ ಒಂದು ಕೊಟ್ರಬಸಪ್ಪನ ಕೈಗೆ, ಭಾಗ ಎರಡು ಸರ್ವಮಂಗಳಮ್ಮನ ಕೈಗೆ ಸಿಕ್ಕಿತು. ಆಗ ಆ ನಿಲ್ದಾಣಕೇಸರಿಯು ಗರ್ಜಿಸಿದ್ದು ಹೀಗೆ: "ಎಲೌ ಸೂಜಿಮುಖಿಯೇ! ಆದಿಯೇ ನನ್ನ ವಶವಾಗಿರಲು ಅಂತ್ಯದಿಂದ ನಿನಗೇನು ಫಲ? ಬೇರಿಲ್ಲದ ಬಳ್ಳಿಯನ್ನು ಹಿಡಿದು ಎಷ್ಟು ಹೊತ್ತು ನಿಲ್ಲುವೆ?" ಅದಕ್ಕೆ ಆ ಕತ್ತರೀಚಕ್ರಹಸ್ತೆಯು ಅಟ್ಟಹಾಸಗೈದು, "ಎಲವೋ ಪ್ರಥಮಪುಟಪ್ರವೀಣನೇ! ಅಂತ್ಯವು ನನ್ನ ಮುಷ್ಟಿಯಲ್ಲಿರುವ ತನಕ ನೀನು ಯಾವ ದಡವನ್ನು ಸೇರುವೆ?" ಎಂದು ಗುಡುಗಿದಳು. ಇದು ಅವರ ಮನಸ್ಸಿನಲ್ಲಿ ನಡೆದದ್ದು. ಬಾಯಲ್ಲಿ ಆಡಿದ್ದು ಬೇರೆ, ಬೀಗರಲ್ಲವೇ!

"ಅಕ್ಕಾರೇ, ಎರಡೂ ನೀವೇ ಒಯ್ರಿ. ನಂದೇನು, ನಿಧಾನಕ್ಕೆ ಓದ್ತೀನಿ," ಎಂದು ಕೊಟ್ರಬಸಪ್ಪ ತನ್ನ ಭಾಗವನ್ನು ಎದೆಗೆ ಇನ್ನಷ್ಟು ಬಿಗಿಯಾಗಿ ಅವುಚಿಕೊಂಡ.

"ಛೇ ಛೇ, ಎಲ್ಲಾದ್ರೂ ಉಂಟಾ ಬೀಗ್ರೇ? ನೀವೇ ಒಯ್ರಿ," ಎಂದು ಸರ್ವಮಂಗಳಮ್ಮ ತನ್ನದನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

ಹೀಗೆ ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಾಪಾಡಿ, ಹಲ್ಲು ಕಚ್ಚಿಕೊಂಡು, ಇಬ್ಬರೂ ಅರ್ಧರ್ಧ ಪುಸ್ತಕದೊಡನೆ ಮನೆಗೆ ಹೋದರು.

ಈಗ ಕೇಳಿ, ಅದ್ಭುತ ನಡೆದದ್ದು ಇಲ್ಲಿ. ಕೊಟ್ರಬಸಪ್ಪನು ಪದ್ಧತಿಯಂತೆ ಟೈಂಟೇಬಲ್ ಬರೆದ, ಮೊದಲ ಪುಟ ಓದಿದ, ತಿದ್ದಲು ಏಳುವವನಿದ್ದ. ಆದರೆ ಎರಡನೆಯ ಪುಟದಲ್ಲಿ ಚಂದ್ರವ್ವನ ಮೈದುನ ಬಾವಿಗೆ ಬೇಲಿ ಹಾಕಿಬಿಟ್ಟ! ಗಂಡ ಸತ್ತ ಹೆಣ್ಣುಮಗಳು ಕೊಡ ಹಿಡಿದು ತನ್ನ ಬಾವಿಯ ಮುಂದೆಯೇ ನಿಂತಿದ್ದಾಳೆ, ಆ ಪುಣ್ಯಾತ್ಮ ನೀರು ಸೇದಲು ಬಿಡುತ್ತಿಲ್ಲ. "ಎಲಾ ಬಡ್ಡೀಮಗನೇ!" ಎಂದು ಕೊಟ್ರಬಸಪ್ಪ ಕೂತಲ್ಲೇ ಕೂಗಿದ. ಅಡುಗೆಮನೆಯಿಂದ ಹೆಂಡತಿ ಗುರುಬಸಮ್ಮ ಗಾಬರಿಯಾಗಿ, "ಯಾರಿಗ್ರೀ ಬೈತೀರಿ?" ಎಂದು ಬಂದಳು. "ಚಂದ್ರವ್ವನ ಮೈದುನಗೆ," ಎಂದ. ಅವಳು ಆ ಮನೆತನ ಯಾವುದೆಂದು ನೆಂಟರಿಷ್ಟರಲ್ಲೆಲ್ಲ ಹುಡುಕಿ ಸೋತು ಒಳಗೆ ಹೋದಳು. ಚಹಾ ಆರಿತು, ಅನ್ನ ಆರಿತು, ಟೈಂಟೇಬಲ್ ಫ್ಯಾನಿನ ಗಾಳಿಗೆ ಹಾರಿ ಮಂಚದ ಕೆಳಗೆ ಸೇರಿತು, ವೀರನು ಅಲುಗಲಿಲ್ಲ. ದಾವೆ ಕೋರ್ಟು ಹತ್ತಿತು. ಸಾಕ್ಷಿಗಳು ಸುಳ್ಳು ಹೇಳಿದರು. ಕಡೆಗೆ ನ್ಯಾಯಾಧೀಶರು ಕನ್ನಡಕ ಏರಿಸಿ, ತೀರ್ಪು ಓದಲು ಬಾಯಿ ತೆರೆದರು. ಅಲ್ಲಿಗೆ ಭಾಗ ಒಂದು ಮುಗಿಯಿತು.

ಬಾವಿ ಯಾರಿಗಾಯಿತು? ಭಾಗ ಎರಡು ಬೀಗಿತ್ತಿಯ ಮನೆಯಲ್ಲಿ. ಕೇಳಿದರೆ ಸೋಲು, ಕೇಳದಿದ್ದರೆ ನಿದ್ದೆಯಿಲ್ಲ. ಕೊನೆಗೆ ಸಂಧಾನಕ್ಕೆ ಹೊರಟ. ಬೀಗರ ಮನೆಗೆ ಬರಿಗೈಲಿ ಹೋಗುವುದುಂಟೇ? ಗುರುಬಸಮ್ಮ ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ರವಿಕೆ ಕಣ ಜೋಡಿಸಿದಳು. ನಡುವೆ ಭಾಗ ಒಂದನ್ನು ಇಟ್ಟು ಕುಂಕುಮ ಹಚ್ಚಿದಳು. ಸರ್ವಮಂಗಳಮ್ಮನು ತಟ್ಟೆ ಸ್ವೀಕರಿಸಿ, ಖಾಲಿ ತಟ್ಟೆ ಮರಳಿ ಕೊಡಬಾರದೆಂದು ಒಂದು ತೆಂಗಿನಕಾಯಿಯ ಪಕ್ಕ ಭಾಗ ಎರಡನ್ನು ಇಟ್ಟುಕೊಟ್ಟಳು. ಕತೆ ಹೇಗಿದೆ ಎಂದು ಆತ ಕೇಳಲಿಲ್ಲ, ಈಕೆ ಹೇಳಲಿಲ್ಲ. ಕೇಳಿದರೆ ಚಿಕ್ಕವರಾಗುತ್ತೇವಲ್ಲ!

ಮನೆಗೆ ಬಂದವನೇ ತೆರೆದು ನೋಡಿದ. ಸಮುದ್ರ! ಎಲ್ಲೆಲ್ಲೂ ಸಮುದ್ರ. ಒಂದು ಹಡಗು, ಅದರ ಅಡುಗೆಮನೆ, ಅಲ್ಲಿ ಬಾಬಣ್ಣನೆಂಬ ದಪ್ಪ ಮೀಸೆಯ ಅಡುಗೆಭಟ್ಟ ಸಾಂಬಾರು ಕುದಿಸುತ್ತಿದ್ದಾನೆ. ಚಂದ್ರವ್ವ ಎಲ್ಲಿ? ಬಾವಿ ಎಲ್ಲಿ? ಪುಟಸಂಖ್ಯೆ ನೋಡಿದರೆ ನಡುವೆ ಕೆಲವು ಪುಟಗಳೇ ಇಲ್ಲ. ಗೆದ್ದಲು ತಿಂದಿರಬೇಕೆಂದು ಆತ ನಿಶ್ಚಯಿಸಿದ. ಆ ಹಾಳು ಗೆದ್ದಲಿನ ಹೊಟ್ಟೆಯಲ್ಲೇ ಎಲ್ಲವೂ ನಡೆದುಹೋಗಿರಬೇಕು. ಮೈದುನ ಕೊಲ್ಲಲು ಬಂದಿರುತ್ತಾನೆ. ಚಂದ್ರವ್ವ ತಪ್ಪಿಸಿಕೊಂಡು ಬಂದರಿಗೆ ಓಡಿ, ಮೀಸೆ ಅಂಟಿಸಿಕೊಂಡು, ಬಾಬಣ್ಣನೆಂದು ಹೆಸರಿಟ್ಟುಕೊಂಡು ಹಡಗು ಹತ್ತಿರುತ್ತಾಳೆ. "ಎಂಥಾ ಗಟ್ಟಿ ಹೆಣ್ಮಗಳವ್ವ!" ಎಂದು ಕೊಟ್ರಬಸಪ್ಪನ ಎದೆ ಉಬ್ಬಿತು. ಕೊನೆಯ ಪುಟದಲ್ಲಿ ಬಾಬಣ್ಣ ಕಪ್ತಾನನ ಮಗಳನ್ನು ಮದುವೆಯಾದಾಗ ಮಾತ್ರ ಆತನಿಗೆ ತುಸು ಇರಿಸುಮುರಿಸಾಯಿತು. ಆದರೂ ಪುಸ್ತಕ ಮುಗಿದಿತ್ತು! ಜನ್ಮದಲ್ಲಿ ಮೊದಲ ಸಲ! ಹಸಿರು ರಟ್ಟನ್ನು ಮುಚ್ಚಿ ಹಣೆಗೆ ಒತ್ತಿಕೊಂಡು ಅತ್ತೇಬಿಟ್ಟ.

ಭಾನುವಾರ ಬಂತು. ಸಭೆ ಸೇರಿತು. ಅಧ್ಯಕ್ಷತೆಗೆ ವಾರ್ಡಿನ ಮುಖಂಡರೊಬ್ಬರು ಬಂದು, ದೊಡ್ಡ ಕುರ್ಚಿಯಲ್ಲಿ ಕೂತು, ಕೂತಲ್ಲೇ ನಿದ್ದೆ ಹೋದರು. ಮುಂದಿನ ಸಾಲಿನಲ್ಲಿ ಚೇತನಾ ಸೆರಗಿನ ತುದಿ ಹಿಂಡುತ್ತಾ ಕೂತಿದ್ದಳು. ಕೊಟ್ರಬಸಪ್ಪ ಎದ್ದು, ಬಾವಿ, ಬೇಲಿ, ಕೋರ್ಟು, ಓಟ, ಮೀಸೆ, ಹಡಗು, ಸಾಂಬಾರು ಎಲ್ಲವನ್ನೂ ಕೈ ಬೀಸಿ ಬೀಸಿ ಹೇಳಿದ. ಬಸ್ ಸ್ಟ್ಯಾಂಡಿನ ಆ ಕಂಠಕ್ಕೆ ಮೈಕು ಬೇಕಿರಲಿಲ್ಲ. "ಕೊನೀಗೆ ಕಪ್ತಾನನ ಮಗಳನ್ನ ಯಾಕೆ ಮದ್ವಿ ಆದ್ಲು ಅಂದ್ರೆ, ಗುಟ್ಟು ಉಳೀಬೇಕಲ್ಲ, ಅದಕ್ಕೆ!" ಎಂದು ಮುಗಿಸಿದಾಗ ಜನ ಚಪ್ಪಾಳೆ ತಟ್ಟಿದರು. ಸರ್ವಮಂಗಳಮ್ಮನೂ ಎದ್ದು ಅದೇ ಕತೆಯನ್ನು ಹೇಳಿದಳು. ಮೀಸೆಯನ್ನು ಚಂದ್ರವ್ವ ತನ್ನ ಜಡೆಯ ಕೂದಲಿನಿಂದಲೇ ಹೊಲಿದುಕೊಂಡಳೆಂಬುದೊಂದನ್ನು ಹೆಚ್ಚಿಗೆ ಸೇರಿಸಿದಳು.

ಆಗ ತಿಪ್ಪೇಸ್ವಾಮಿ ತಲೆ ಕೆರೆಯುತ್ತಾ ಎದ್ದ. ಭಾಗ ಎರಡನ್ನು ತಿರುವಿ ನೋಡಿದ. ಕಪಾಟಿಗೆ ಹೋಗಿ 'ಹಡಗಿನ ಅಡುಗೆಭಟ್ಟ'ದ ಎರಡನೆಯ ಭಾಗವನ್ನು ತೆಗೆದು, ಬಿಡಿಸಿ, "ಅಯ್ಯೋ ಶಿವನೇ!" ಎಂದು ಕೂತುಬಿಟ್ಟ. ಅದರ ಮೊದಲ ಸಾಲಿನಲ್ಲಿ ನ್ಯಾಯಾಧೀಶರು ಇನ್ನೂ ಬಾಯಿ ತೆರೆದುಕೊಂಡೇ ಇದ್ದರು. ಬೈಂಡು ಹಾಕಿದವನು ಎರಡು ಕಾದಂಬರಿಗಳ ಹಿಂದಿನ ಅರ್ಧಗಳನ್ನು ಅದಲುಬದಲು ಮಾಡಿದ್ದ.

ಸಭೆಗೆ ನಗು ತಡೆಯಲಾಗಲಿಲ್ಲ. ಆ ಗದ್ದಲಕ್ಕೆ ಅಧ್ಯಕ್ಷರಿಗೆ ಎಚ್ಚರವಾಯಿತು. ಎದ್ದು ನಿಂತವರನ್ನು ಕಂಡು ಕಾರ್ಯಕ್ರಮ ಮುಗಿಯಿತೆಂದುಕೊಂಡು, ಮೇಜಿನ ಮೇಲಿದ್ದ ಶಾಲನ್ನು ತಮಗೇ ಇಟ್ಟಿದ್ದೆಂದು ಹೊದ್ದುಕೊಂಡು, ಕೈ ಮುಗಿದು, ಕಾರು ಹತ್ತಿ ಹೋದರು. ಹೋದ ಶಾಲು ಹೋಯಿತು, ಬೋರ್ಡು ಖಾಲಿ ಉಳಿಯಿತು.

ಚೇತನಾ ತಲೆ ತಗ್ಗಿಸಿದ್ದಳು. ಕೊಟ್ರಬಸಪ್ಪ ಮಾತ್ರ ಶಾಲನ್ನೂ ನೋಡಲಿಲ್ಲ, ನಗುವವರನ್ನೂ ನೋಡಲಿಲ್ಲ. ಒಂದೇ ಮಾತು ಕೇಳಿದ: "ಹಂಗಾದ್ರೆ ಬಾವಿ ಯಾರಿಗಾತು ತಿಪ್ಪೇಸ್ವಾಮಿ?"

ನಗು ಅಲ್ಲಿಗೇ ನಿಂತಿತು. ಸರ್ವಮಂಗಳಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಚೇತನಾ," ಎಂದಳು ಸೊಸೆಗೆ, "ನಿಮ್ಮಪ್ಪಾಜಿ ಓದ್ಯಾರೆ ಬಿಡವ್ವ. ಓದ್ದೇ ಇದ್ದೋರು ಹಿಂಗೆ ಕೇಳಲ್ಲ." ಆಮೇಲೆ ಬೀಗನ ಕಡೆ ಬಾಗಿ, ದನಿ ತಗ್ಗಿಸಿ, "ನೀವು ಮೀಸಿ ಅಂದಾಗ ನಂಗೂ ಅನುಮಾನ ಆತು ಬೀಗ್ರೇ. ಕೇಳಿದ್ರೆ ನಂಗೇ ತಿಳೀಲಿಲ್ಲ ಅನ್ನಂಗಾಗ್ತತಿ ಅಂತ ಸುಮ್ನಿದ್ದೆ," ಎಂದಳು.

"ನಾನೂ ಅದಕ್ಕೇ ಸುಮ್ನಿದ್ದೆ ಅಕ್ಕಾರೇ," ಎಂದ ಕೊಟ್ರಬಸಪ್ಪ. ಮಗಳು ಅಪ್ಪನ ಮುಖವನ್ನು ಕಣ್ಣು ತುಂಬಾ ನೋಡಿದಳು.

ಮೇಜಿನ ಮೇಲೆ ಆ ಒಂದೇ ಒಂದು ಹಸಿರು ಪುಸ್ತಕ, ತೀರ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿತ್ತು. ಇಬ್ಬರಿಗೂ ಬೇಕು. ಇಬ್ಬರ ಕೈಗಳೂ ಮುಂದೆ ಬಂದವು, ಇಬ್ಬರ ಕೈಗಳೂ ಹಿಂದೆ ಹೋದವು.

"ಮೊದ್ಲು ನೀವು ಒಯ್ರಿ ಅಕ್ಕಾರೇ."

"ಇಲ್ಲ ಇಲ್ಲ, ನೀವು ಒಯ್ರಿ ಬೀಗ್ರೇ. ನೀವು ಹೆಣ್ಣು ಕೊಟ್ಟೋರು."

"ನೀವು ಹೆಣ್ಣು ತಂದೋರು. ದೊಡ್ಡೋರು. ನೀವೇ ಒಯ್ಬೇಕು."

"ಆಣೆ ಐತಿ ನೋಡ್ರಿ, ನೀವೇ!"

ಓ ಕೇಳುಗರೇ! ಕಸಿದುಕೊಳ್ಳುವ ಕಾಳಗವನ್ನು ಹಾಡಿದ ನನ್ನ ನಾಲಿಗೆಗೆ ಈ ಬಿಟ್ಟುಕೊಡುವ ಕಾಳಗವನ್ನು ಹಾಡುವ ಶಕ್ತಿಯಿಲ್ಲ. ಅದು ಅಷ್ಟು ದೀರ್ಘವಾಗಿತ್ತು, ಅಷ್ಟು ಘೋರವಾಗಿತ್ತು. ತಿಪ್ಪೇಸ್ವಾಮಿ ಕೆಮ್ಮಿದ, ಗಡಿಯಾರ ತೋರಿಸಿದ, ಕಿಟಕಿಗಳನ್ನು ಒಂದೊಂದಾಗಿ ಹಾಕಿದ. ಕಡೆಗೆ ಪುಸ್ತಕವನ್ನು ಎತ್ತಿ ಕಪಾಟಿಗಿಟ್ಟು, ಬೀಗರಿಬ್ಬರನ್ನೂ ಮರ್ಯಾದೆಯಿಂದ ಹೊರಗೆ ಕಳಿಸಿ, ಬಾಗಿಲಿಗೆ ಕೀಲಿ ಹಾಕಿ, ಸೈಕಲ್ ಹತ್ತಿದ.

"ನಾಳೆ ಎಷ್ಟೊತ್ತಿಗೆ ತೆಗೀತೀರಿ?" ಎಂದು ಕೊಟ್ರಬಸಪ್ಪ ಹಿಂದಿನಿಂದ ಕೂಗಿದ.

"ನಾಳೆ ಸೋಮವಾರ ಸಾರ್, ರಜ," ಎನ್ನುತ್ತಾ ತಿಪ್ಪೇಸ್ವಾಮಿ ತಿರುವಿನಲ್ಲಿ ಮರೆಯಾದ.