ನನ್ನ ರಕ್ತ ಏರದ ತಿಂಗಳು

ಹೆದರಿ ಜೀವ ಬಾಯಿಗೆ ಬಂದಾಗಲೇ ನಮ್ಮ ಮನೆಯಲ್ಲಿ ನಗುವಂಥದ್ದು ಏನಾದರೂ ಆಗುತ್ತಿರುತ್ತದೆ. ಆದರೆ ಆ ಹೊತ್ತಿಗೆ ನನಗೆ ನಗಲಿಕ್ಕಾಗುವುದಿಲ್ಲ. ಈಗ ಬರೆಯುತ್ತ ನಗುತ್ತಿದ್ದೇನೆ.

ಮೆಟ್ಟಿಲು

ಗುಡಗೇರಿಯ ಶಾಲೆಯೊಂದರಲ್ಲಿ ನಾನು ಅಕ್ಕೋರು. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಯಿತು. ಹೋದ ವರ್ಷ ಏಳನೇ ಇಯತ್ತೆಯ ಕೋಣೆಗೆ ಹೋಗಲು ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಸಕ್ಕರೆ ಏರಿರಬೇಕೆಂದು ಒಂದು ರೊಟ್ಟಿ ಬಿಟ್ಟೆ. ಏದುಸಿರು ಹೆಚ್ಚಾಯಿತು. ಇನ್ನೊಂದು ರೊಟ್ಟಿ ಬಿಟ್ಟೆ.

ಕುಂದಗೋಳದ ಡಾಕ್ಟರು ಕಣ್ಣಿನ ಕೆಳಗೆ ಬೆರಳಿಟ್ಟು ಜಗ್ಗಿ ನೋಡಿ, ರಕ್ತ ತಪಾಸಣೆ ಮಾಡಿಸಿದರು. ಹಿಮೋಗ್ಲೋಬಿನ್ ಏಳೂವರೆ.

"ಸಕ್ಕರಿ ಇದ್ದವರಿಗೆ ರಕ್ತ ಕಡಿಮಿ ಆದ್ರ ಕಿಡ್ನಿ ಮ್ಯಾಲೂ ಒಂದು ಕಣ್ಣಿಡಬೇಕ್ರಿ. ಒಂದು ತಿಂಗಳು ಕಬ್ಬಿಣದ ಗುಳಿಗಿ ತಗೋರಿ. ಏರ್ತಂದ್ರ ಚಿಂತಿಲ್ಲ. ಏರಲಿಲ್ಲಂದ್ರ ಹುಬ್ಬಳ್ಳಿಗೆ ಹೋಗಿ ತೋರಸೂಣು."

ಕಿಡ್ನಿ ಎಂದ ಕೂಡಲೇ ನನ್ನ ಅಕ್ಕ ನೆನಪಾದಳು. ಅವಳು ಸಕ್ಕರೆಯಿಂದ ಕಿಡ್ನಿ ಕೆಟ್ಟೇ ತೀರಿಹೋದವಳು. ಜೊತೆಗೆ ಬಂದಿದ್ದ ಯಜಮಾನರಿಗೂ ಅದು ನೆನಪಾಗಿರಬೇಕು, ಮುಖ ಸಣ್ಣದಾಗಿತ್ತು. ಆದರೂ ಡಾಕ್ಟರ ಕಡೆ ಬಾಗಿ ಕೇಳಿದರು: "ಇಪ್ಪತ್ತೈದು ವರ್ಷದಿಂದ ನನ್ನ ರಕ್ತಾನೂ ಈಕಿನ ಕುಡ್ಯಾಕತ್ಯಾಳ್ರಿ. ಮತ್ತ ಕಡಿಮಿ ಹೆಂಗಾತು?"

ಶೇಂಗಾ ಉಂಡಿ

ಸುದ್ದಿ ಕೇಳಿ ಬಾಜೂ ಮನೆಯ ಕಾಕು ಬೆಲ್ಲ ಸುರಿದು ಮಾಡಿದ ಶೇಂಗಾ ಉಂಡಿ ಡಬ್ಬಿ ತುಂಬ ತಂದಳು.

"ರಕ್ತಕ್ಕ ಇದರಂಥಾದ್ದು ಇಲ್ಲರಿ ಅಕ್ಕೋರ, ದಿನಾ ಎರಡು ತಿನ್ರಿ."

ತಿಂದರೆ ಸಕ್ಕರೆ ಏರುತ್ತದೆ, ಬಿಟ್ಟರೆ ರಕ್ತ ಇಳಿಯುತ್ತದೆ. ಡಬ್ಬಿಯ ಮುಂದೆ ಕೂತು ನಾನು ನಿಜವಾಗಿ ಅತ್ತೆ. ಯಜಮಾನರು ಡಬ್ಬಿಯನ್ನು ಎತ್ತಿ ಎಲ್ಲೋ ಬಚ್ಚಿಟ್ಟರು.

ಹದಿನೈದು ದಿನಕ್ಕೆ ಕಾಕು ಖಾಲಿ ಡಬ್ಬಿ ಒಯ್ಯಲು ಬಂದು ನನ್ನನ್ನೂ ಅವರನ್ನೂ ನೋಡಿದಳು. "ಅಕ್ಕೋರ, ನೀವು ಹಂಗ ಅದೀರಿ. ಸರ್ ಮಾತ್ರ ಅಗದಿ ಕೆಂಪಗ ಆಗ್ಯಾರ ನೋಡ್ರಿ!"

ಮೆಂತ್ಯೆ ಪಲ್ಯದ ಸವಾರಿ

ಅದಕ್ಕೂ ಮೊದಲು, ಗುಳಿಗೆ ಶುರುವಾದ ನಾಲ್ಕನೇ ದಿನ ಬೆಳಿಗ್ಗೆ ಸಂಡಾಸಿನಿಂದ ಓಡಿಬಂದೆ. ಎಲ್ಲ ಕಪ್ಪು, ಡಾಂಬರಿನಷ್ಟು ಕಪ್ಪು.

"ರೀ, ಒಳಗ ರಕ್ತ ಸೋರಾಕತ್ತೇತ್ರಿ. ನಂದು ಮುಗೀತು."

ಯಜಮಾನರು ಚಾದರ, ತಾಟು, ಲೋಟ ಚೀಲಕ್ಕೆ ತುಂಬಿ ಆಟೋ ಕರೆದರು. ಆಮೇಲೆ ಡಾಕ್ಟರಿಗೆ ಫೋನು.

"ಕಬ್ಬಿಣದ ಗುಳಿಗಿ ತಗೊಂಡ್ರ ಕರೇಗ ಹೋಗತೈತ್ರಿ. ಅವತ್ತ ಹೇಳಿದ್ನಲ್ಲ?"

ಅವತ್ತು ಕಿಡ್ನಿ ಎಂಬ ಶಬ್ದದ ಮುಂದೆ ನನಗೇನೂ ಕೇಳಿಸಿರಲಿಲ್ಲ. ಆಟೋದವನು ಬಾಗಿಲಲ್ಲಿ ನಿಂತಿದ್ದ. "ಯಾರಿಗೇನಾಗೇತ್ರಿ ಸರ್?"

ಏನಾಗಿದೆಯೆಂದು ಹೇಳುವಂತಿರಲಿಲ್ಲ. ಯಜಮಾನರು ಚೀಲ ಹಿಡಿದೇ ಆಟೋ ಹತ್ತಿದರು. "ಏನಿಲ್ಲಪಾ, ಕುಂದಗೋಳಕ್ಕ ಮೆಂತ್ಯೆ ಪಲ್ಯಾ ತರಾಕ ಹೊಂಟೀವಿ."

ಹೋಗಿ, ಎರಡು ಕಟ್ಟು ಸೊಪ್ಪು ತಂದೆವು.

ಇಳಕಲ್ ಸೀರೆ

ತಿಂಗಳು ಮುಗಿಯಿತು. ಶನಿವಾರ ರಿಪೋರ್ಟ್ ಬಂತು: ಮತ್ತೆ ಏಳೂವರೆ. ಡಾಕ್ಟರು ಸಿಗುವುದು ಸೋಮವಾರ. ಆ ಎರಡು ದಿನ ಅಕ್ಕನ ಮುಖವೇ ಕಣ್ಣ ಮುಂದೆ. ಆದಿತ್ಯವಾರ ಮಾತಾಡಿಸಲು ಬಂದ ಕಾಕುವಿನ ಕೈಯಲ್ಲಿ ನನ್ನ ಹೊಸ ಇಳಕಲ್ ಸೀರೆ ಇಟ್ಟೆ. "ನನ್ನ ನೆನಪಿಗೆ ಇರಲಿ ಕಾಕು." ಇಬ್ಬರೂ ತಬ್ಬಿಕೊಂಡು ಅತ್ತೆವು.

ಸೋಮವಾರ ಡಾಕ್ಟರು ಕೇಳಿದರು: "ಗುಳಿಗಿ ಯಾವಾಗ ತಗೋತೀರಿ?"

"ಸಂಜೀಕ್ರಿ, ಚಾದ ಜೋಡಿ. ಮಾತಾಡಸಾಕ ದಿನಾ ಯಾರರ ಬರ್ತಾರ. ಅವರಿಗಷ್ಟ ಕೊಟ್ಟು ನಾವು ಸುಮ್ನ ಕುಂತ್ರ ಛಲೋ ಕಾಣ್ತೈತೇನ್ರಿ?"

"ಎಷ್ಟು ಕಪ್ ಚಾ?"

"ಮೂರು, ನಾಕು. ಆದ್ರ ಸಕ್ಕರಿ ಒಂದು ಹಳಕೂ ಹಾಕ್ಕೊಂಡಿಲ್ರಿ!"

ಡಾಕ್ಟರು ಹಣೆಗೆ ಕೈ ಹಚ್ಚಿಕೊಂಡರು. "ಸಕ್ಕರಿ ಅಲ್ಲರಿ ಅಕ್ಕೋರ, ಚಾನ ತಪ್ಪು! ಅದು ಕಬ್ಬಿಣ ಮೈಗೆ ಹತ್ತಗೊಡಂಗಿಲ್ಲ. ಗುಳಿಗಿ ಹಿಂದ ಮುಂದ ಎರಡು ತಾಸು ಚಾ ಮುಟ್ಟಬ್ಯಾಡ್ರಿ. ಇನ್ನೊಂದು ತಿಂಗಳು ನೋಡಿ ಹುಬ್ಬಳ್ಳಿ ಮಾತು ಆಡೂಣು."

ಆ ತಿಂಗಳು ಕ್ಯಾಲೆಂಡರ್ ನೋಡಲಿಕ್ಕೂ ಹೆದರಿದೆ. ಕೊನೆಗೆ ರಿಪೋರ್ಟ್ ಬಂತು: ಒಂಬತ್ತೂವರೆ. ಯಜಮಾನರು ಅದನ್ನು ಎರಡೆರಡು ಸಲ ಓದಿದರು. ನಾನು ಬದುಕುವವಳಿದ್ದೆ.

ಅವತ್ತೇ ಸಂಜೆ ಕಾಕು ನನ್ನನ್ನು ನೋಡಲು ಬಂದಳು, ಅದೇ ಇಳಕಲ್ ಸೀರೆ ಉಟ್ಟುಕೊಂಡು. ಯಜಮಾನರು ಅಡುಗೆಮನೆಯಿಂದ ಇಣುಕಿ ಕೇಳಿದರು: "ಇಬ್ಬರಿಗೂ ಚಾ ಇಡ್ಲೇನು?"

"ಕಾಕುಗಷ್ಟ ಚಾ ಕೊಡ್ರಿ," ಎಂದೆ. "ನನಗ ನನ್ನ ಸೀರಿ ಇಸ್ಕೊಂಡು ಕೊಡ್ರಿ."