ಕೈಯಿಲ್ಲದ ಕುರ್ಚಿಯ ಸಂಶೋಧನೆ

ವೈದ್ಯಶಾಸ್ತ್ರದ ಭವಿಷ್ಯ ಆ ಬೆಳಿಗ್ಗೆ ಕೈಯಿಲ್ಲದ ಒಂದು ಕುರ್ಚಿಯನ್ನು ನಂಬಿಕೊಂಡಿತ್ತು. ಆ ಕುರ್ಚಿ ನಾಪತ್ತೆಯಾಗಿತ್ತು.

ಮುಪ್ಪಿನ ಕಾಯಿಲೆಗಳ ವಿಭಾಗದಲ್ಲಿ ತರಬೇತಿಯಲ್ಲಿದ್ದ ಕಿರಿಯ ಡಾಕ್ಟರು ವೃದ್ಧಾಶ್ರಮವನ್ನೆಲ್ಲ ಜಾಲಾಡಿ, ಅಡುಗೆಮನೆಯಲ್ಲಿ ಅದರ ಮೇಲೆ ಕೂತಿದ್ದ ಈರುಳ್ಳಿ ಮೂಟೆಯನ್ನು ಇಳಿಸಿ, ಕುರ್ಚಿಯನ್ನು ಹೊತ್ತು ತಂದರು.

ಅವರ ಸಂಶೋಧನೆ ಸರಳ. ಆಶ್ರಮದ ಪೂರ್ವದ ಹಾಲ್‌ನಲ್ಲಿರುವ ಅಜ್ಜ-ಅಜ್ಜಿಯರಿಗೆ ಮೂರು ತಿಂಗಳು ಮಂಡಿಯ ವ್ಯಾಯಾಮ. ಪಶ್ಚಿಮದ ಹಾಲ್‌ನವರಿಗೆ ಏನೂ ಇಲ್ಲ. ಈಗ ಎಲ್ಲರೂ ಕೈ ಊರದೆ ಕುರ್ಚಿಯಿಂದ ಎದ್ದು, ನೆಲದ ಹಳದಿ ಪಟ್ಟಿಯವರೆಗೆ ನಡೆದು, ಮರಳಿ ಬಂದು ಕೂರಬೇಕು. ಪೂರ್ವದವರು ಚುರುಕಾಗಿದ್ದಾರೆಂದು ಸಂಜೆಯೊಳಗೆ ತೋರಿಸಿದರೆ ಪ್ರೊಫೆಸರ್ ಮೇಡಂ ಕೈಯಲ್ಲಿರುವ ಒಂದೇ ಒಂದು ಸಂಶೋಧನಾ ಹುದ್ದೆ ಈ ಡಾಕ್ಟರದು.

"ಇವತ್ತು ತೋರಿಸಿಯೇ ಬಿಡ್ತೀನಿ" ಎಂದು ಡಾಕ್ಟರು ತೋಳೇರಿಸಿದರು.

ಪೂರ್ವದ ಹಾಲಿನಿಂದ ಮೊದಲು ಎದ್ದವರು ನಿವೃತ್ತ ರೈಲು ಚಾಲಕರು. ಸಿಗ್ನಲ್ ಸಿಗದ ಗೂಡ್ಸ್ ಗಾಡಿಯಂತೆ ಪಟ್ಟಿಯ ಹತ್ತಿರ ನಿಂತುಬಿಟ್ಟರು.

"ನಿಂಗೆ ಮದುವೆ ಆಯ್ತೇನಪ್ಪಾ?"

"ನಡೀರಿ ಅಜ್ಜಾ, ಗಡಿಯಾರ ಓಡ್ತಿದೆ."

"ಓಡ್ಲಿ ಬಿಡು. ಅದಕ್ಕೇನು ಮಂಡಿನೋವೇ?"

ಹಿಂದೆ ಬಂದವರೂ ಅಷ್ಟೇ. ಒಬ್ಬರು ಕೂರುವ ಮೊದಲು ಕುರ್ಚಿಯನ್ನು ಸೆರಗಿನಿಂದ ಒರೆಸಿದರು. ಇನ್ನೊಬ್ಬರು ಪಟ್ಟಿ ಸೊಟ್ಟಗಿದೆಯೆಂದು ಬಗ್ಗಿ ಸರಿಮಾಡಲು ಹೊರಟರು. ಡಾಕ್ಟರು ಬೆವರು ಒರೆಸಿಕೊಂಡು, ಪಶ್ಚಿಮದವರು ಇನ್ನೂ ನಿಧಾನವಿರುತ್ತಾರೆಂಬ ಧೈರ್ಯದಲ್ಲಿ ಕುರ್ಚಿಯನ್ನು ಆಚೆ ಹಾಲಿಗೆ ಹೊತ್ತರು.

ಅಲ್ಲಿ ಹಿಂದೆ ಹೆಡ್‌ಮಿಸ್ಟ್ರೆಸ್ ಆಗಿದ್ದ ಅಜ್ಜಿ ಸ್ಪ್ರಿಂಗಿನಂತೆ ಎದ್ದು, ಹೋಗಿ, ಬಂದು ಕೂತರು. ಡಾಕ್ಟರು ಇನ್ನೂ ಗಡಿಯಾರದ ಗುಂಡಿ ಒತ್ತಿರಲಿಲ್ಲ. ಅವರ ಹಿಂದಿನವರೂ ಶಾಲೆ ಬಿಟ್ಟ ಮಕ್ಕಳಂತೆ ಹೋಗಿಬಂದರು.

"ಏನಜ್ಜಿ ಇದು?"

"ಏನು ಅಂದ್ರೆ? ಅವರಿಗೆ ಮಾತ್ರ ಹೇಳಿಕೊಟ್ರೆ ನಾವು ಸುಮ್ನಿರ್ತೀವಾ? ದಿನಾ ಕಿಟಕೀಲಿ ನೋಡ್ಕೊಂಡು, ಅವರಿಗಿಂತ ನಾಲ್ಕು ಜಾಸ್ತೀನೇ ಮಾಡಿದ್ವಿ."

ಡಾಕ್ಟರು ಪೂರ್ವಕ್ಕೆ ಓಡಿದರು. "ಅಜ್ಜಾ, ನೀವು ದಿನಾ ಮಾಡಿದ್ರಿ ತಾನೆ? ಬಾಗಿಲಾಚೆ ಎಣಿಕೆ ಕೇಳಿಸ್ತಿತ್ತಲ್ಲ."

"ನೀನು ಎದುರಿಗಿದ್ದಾಗ ಮಾಡ್ತಿದ್ವಪ್ಪಾ. ಆಚೆ ಹೋದ ಮೇಲೆ ಕೂತ್ಕೊಂಡು ಎಣಿಸ್ತಿದ್ವಿ. ಜೋರಾಗೇ ಎಣಿಸ್ತಿದ್ವಿ, ನಿಂಗೆ ಬೇಜಾರಾಗ್ಬಾರ್ದು ಅಂತ."

ಸಂಜೆ ಮೇಡಂ ಬಂದಾಗ ಡಾಕ್ಟರು ಒಂದನ್ನೂ ಮುಚ್ಚಿಡದೆ ಹೇಳಿದರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಹೊಟ್ಟೆಕಿಚ್ಚಿನಿಂದ ಮಂಡಿ ಗಟ್ಟಿಯಾಗುತ್ತೆ ಅಂತಾಯ್ತು. ಇದು ಹೊಸ ವಿಷಯ ಕಣ್ರೀ. ಕಿಟಕಿ ಇಟ್ಟುಕೊಂಡೇ ಇನ್ನೊಂದು ಸಲ ಮಾಡಿ ತೋರ್ಸಿ. ಹುದ್ದೆ ನಿಮ್ಮದೇ."

ಹೋದ ಜೀವ ಮರಳಿ ಬಂದಂತಾಗಿ ಡಾಕ್ಟರು ಪಶ್ಚಿಮದ ಹಾಲಿಗೆ ಧಾವಿಸಿದರು. ಕೇಳದೆ ಸಂಶೋಧನೆಗೆ ಯಾರನ್ನೂ ಸೇರಿಸುವಂತಿಲ್ಲ. "ಅಜ್ಜೀ, ನಾಳೆಯಿಂದ ನೀವೆಲ್ಲಾ ದಿನಾ ಕಿಟಕೀಲಿ ನೋಡ್ಬೇಕು. ಒಪ್ಪಿಗೇನಾ?"

ಹೆಡ್‌ಮಿಸ್ಟ್ರೆಸ್ ಅಜ್ಜಿ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ನೋಡ್ಲೇಬೇಕು ಅಂದ್ರೆ ನಾವ್ಯಾಕಪ್ಪಾ ನೋಡ್ಬೇಕು? ಅವರೇನು ನಮಗಿಂತ ದೊಡ್ಡವರಾ?"

ಕಿಟಕಿಗೆ ಪರದೆ ಬಿತ್ತು. ಕುರ್ಚಿ ಅಡುಗೆಮನೆಗೆ ಹೋಯಿತು. ಅದರ ಮೇಲೆ ಈರುಳ್ಳಿ ಮೂಟೆ ಕೂತಿತು.