ಎಕ್ಕದ ಗಿಡಕ್ಕೆ ನೀರು

ಒಂದೇ ಕಡೆ ಕಾಲು ಗಂಟೆ ಕೂರಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಊಟದ ನಡುವೆ ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬರುವ ಜಾತಿ ನನ್ನದು. ನಮ್ಮ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ನಾನು ಹಂದರದ ಗೂಟ ಅಲುಗಾಡಿಸುತ್ತಿದ್ದೆನೆಂದು ಹೆಂಡತಿ ಕಾಶಮ್ಮ ಇಂದಿಗೂ ಹೇಳುತ್ತಾಳೆ; ಸುಳ್ಳೆನ್ನಲಾರೆ. ಜನ್ಮದಲ್ಲಿ ನಾನು ಕೂತಲ್ಲೇ ಕೂತು ಮಾಡಿದ ಪ್ರಯಾಣ ಒಂದೇ ಒಂದು. ರಾಜ್ಯಗಳ ಗಡಿ ಬದಲಾದ ದಿನ, ಭಾಲ್ಕಿಯ ಕಚೇರಿಯಲ್ಲಿ ಕಾರಕೂನನಾಗಿ ಅದೇ ಮೇಜಿನ ಮುಂದೆ ಇದ್ದ ಹಾಗೆಯೇ ಹೈದರಾಬಾದು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದುಬಿಟ್ಟೆ. ಆ ದಿನವೂ ಊರು ಏನಾದರೂ ಬದಲಾಗಿದೆಯೇ ಎಂದು ಮೂರು ಸಲ ಹೊರಗೆ ಹೋಗಿ ನೋಡಿದೆ. ಏನೂ ಬದಲಾಗಿರಲಿಲ್ಲ.

ಇಂಥವನಿಗೆ ಆ ವರ್ಷದ ಮಳೆಗಾಲದಲ್ಲಿ ಹಕ್ಕಿಯ ಹುಚ್ಚು ಹಿಡಿದಿತ್ತು. ಚಿಕ್ಕವನಿದ್ದಾಗ ಖಟಕ ಚಿಂಚೋಳಿಯ ನಮ್ಮ ಹೊಲದ ಬದುವಿನಲ್ಲಿ ಅವ್ವ ಒಂದು ಸೂರಕ್ಕಿ ತೋರಿಸಿದ್ದಳು. ಹೆಬ್ಬೆರಳಿನಷ್ಟು ಹಕ್ಕಿ, ಮೈಯೆಲ್ಲ ಮಿರಿಮಿರಿ ನೀಲಿ, ಎಕ್ಕದ ಹೂವಿಗೆ ಕೊಕ್ಕು ಚುಚ್ಚಿ ಜೇನು ಕುಡಿಯುತ್ತಿತ್ತು. ಆಮೇಲೆ ಕಂಡಿಲ್ಲ. ಅದನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆ ನನ್ನನ್ನು ಕಾಡತೊಡಗಿತು. ನಾವಿರುವುದು ಎಂಟು ಮನೆಗಳ ಸಾಲಿನಲ್ಲಿ; ಹಿತ್ತಲು ಎಲ್ಲರಿಗೂ ಒಂದೇ. ಅಲ್ಲಿ ಎಲ್ಲರೂ ಸೇರಿ ಬದನೆ, ಮೆಂತ್ಯ ಬೆಳೆದು ಹಂಚಿಕೊಳ್ಳುತ್ತಿದ್ದರು. ನಾನು ಮನೆ ಮನೆಗೆ ಹೋಗಿ, ಆ ಹಿತ್ತಲು ನನಗೆ ಬಿಡಿ, ಹಕ್ಕಿಗಳನ್ನು ಕರೆಸುತ್ತೇನೆ ಎಂದು ಬೇಡಿದೆ. ಸಾಲಿಗೆಲ್ಲ ಹಿರಿಯರು, ಕಿರಾಣಿ ಅಂಗಡಿಯ ಮಲ್ಕಪ್ಪ ಕಾಕಾ. ಅವರು ಗಡುವು ಹಾಕಿದರು: "ಶಿವರಾತ್ರಿ ತನಕ ನೋಡ್ತೇವ್ರಿ. ಹಕ್ಕಿ ಬಂದ್ರ ಹಿತ್ತಲ ನಿಮ್ದು. ಬರಲಿಲ್ಲಂದ್ರ ಎಲ್ಲಾ ಕಿತ್ತಿ ಬದ್ನಿಕಾಯಿ ಹಚ್ತೇವಿ."

ಜನ ಹೊಲದಿಂದ ಕಿತ್ತೆಸೆಯುವುದನ್ನೆಲ್ಲ ನಾನು ತಂದು ನೆಟ್ಟೆ. ಎಕ್ಕ, ತುಂಬೆ, ಹಳದಿ ಹೂವಿನ ತಂಗಡಿ, ಬೇಲಿಯ ಪಕ್ಕಕ್ಕೆ ಒಂದು ಬಾರಿಗಿಡ, ಅಂದರೆ ಬೋರೆ. ಬಾವಿಯಿಂದ ಸೇದಿ ಸೇದಿ ನೀರು ಹಾಕಿದೆ. ಅದನ್ನು ನೋಡಿ ಕಾಕಾ ಅಂಗಡಿಗೆ ಹೊರಟವರು ನಿಂತೇಬಿಟ್ಟರು. "ಏನ್ರಿ ಕಾರಕೂನರ, ಎಕ್ಕಿ ಗಿಡಕ್ಕ ಯಾರರ ನೀರ್ ಹಾಕ್ತಾರೇನ್ರಿ? ಜರಾ ವಿಚಾರ ಮಾಡ್ರಿ. ನಾಳಿ ಮುಳ್ಳಿಗಿ ಗೊಬ್ಬರ ಹಾಕ್ತೀರೇನು?" ಮುಳ್ಳಿನ ಬಾರಿಗಿಡಕ್ಕೆ ಆಗಲೇ ಒಂದು ಬುಟ್ಟಿ ಗೊಬ್ಬರ ಹಾಕಿಯಾಗಿತ್ತು.

ಗಿಡಗಳು ಬೆಳೆದವು, ಎಕ್ಕ ಹೂ ಬಿಟ್ಟಿತು, ಹಕ್ಕಿ ಮಾತ್ರ ಬರಲಿಲ್ಲ. ಬೆಳಗಾದರೆ ಹಿತ್ತಲ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದೆ. ಕೂತೆನೆಂದರೆ, ನನ್ನ ರೀತಿಯಲ್ಲಿ ಕೂತೆ. ನಡುನಡುವೆ ಬಾಗಿದ ರೆಂಬೆ ನೆಟ್ಟಗೆ ಮಾಡಬೇಕಲ್ಲ, ಎಲೆಯ ಹಿಂದೆ ಹುಳು ಇದೆಯೇ ನೋಡಬೇಕಲ್ಲ! ಎಳ್ಳಮಾವಾಸ್ಯೆ ಬಂದಾಗ ತಲೆಗೆ ಒಂದು ಹೊಸ ಉಪಾಯ ಹೊಳೆಯಿತು. ಅಂದು ನಮ್ಮ ಸೀಮೆಯವರೆಲ್ಲ ಹೊಲಕ್ಕೆ ಬುತ್ತಿ ಹೊತ್ತು ಹೋಗಿ, ಭೂತಾಯಿಗೆಂದು ಪೈರಿನ ಮೇಲೆ ಬುತ್ತಿಯ ಅಡುಗೆಯನ್ನೇ ಚರಗವೆಂದು ಚೆಲ್ಲುತ್ತಾರೆ. ನನಗೆ ಭಾಲ್ಕಿಯಲ್ಲಿ ಹೊಲವಿಲ್ಲ, ಹಿತ್ತಲಿದೆಯಲ್ಲ ಎಂದು ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಎಲ್ಲವನ್ನೂ ಎಕ್ಕದ ಬುಡಕ್ಕೆ ಚೆಲ್ಲಿದೆ. ಊರಿಗೆ ಊರೇ ಹೊಲದಲ್ಲಿರುವಾಗ ಹಕ್ಕಿಗಳೂ ಊಟಕ್ಕೆ ಅಲ್ಲಿಗೇ ಹೋಗಿರುತ್ತವೆಂಬುದು ನನಗೆ ಹೊಳೆಯಲೇ ಇಲ್ಲ. ಬಂದದ್ದು ಎರಡು ನಾಯಿ, ಒಂದು ಕತ್ತೆ. ನಾಯಿಗಳು ತಿಂದು ಹೋದವು. ಕತ್ತೆ ತುಂಬೆಯ ಮೇಲೆ ಉರುಳಾಡಿ ಹೋಯಿತು. ಸಂಜೆ ಹೊಲದಿಂದ ಮರಳಿದ ಕಾಕಾ ಬೇಲಿಯ ಆಚೆಯಿಂದಲೇ ಕೇಳಿದರು: "ಇದು ಯಾವ ಹಕ್ಕಿ ಬಂದಿತ್ರಿ?"

ಶಿವರಾತ್ರಿ ಹತ್ತಿರ ಬಂತು. ಕಾಕಾ ಬದನೆ ಸಸಿ ತರಿಸಿದ ಸುದ್ದಿ ಕೇಳಿ ಊಟದ ನಡುವೆ ನಾಲ್ಕು ಸಲ ಎದ್ದು ಹಿತ್ತಲು ನೋಡಿ ಬಂದೆ. ಆಗ ಕಾಶಮ್ಮ ಬಾಯಿಬಿಟ್ಟಳು. "ರೀ, ಒಂದ್ ಮಾತ್ ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ಹಕ್ಕಿ ದಿನಾ ಬರ್ತಾವ. ನೀವು ಕಚೇರಿಗಿ ಹೋದ್ರಿ ಅಂದ್ರ ಬರ್ತಾವ."

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ರಜಾ ಹಾಕಿ ಮನ್ಯಾಗ ಕೂಡ್ತಿದ್ರಿ. ಆಮ್ಯಾಲ ಎಲ್ಲಿ ಬರ್ತಾವ?"

ಮುಂದಿನ ಭಾನುವಾರ ಎಂಟೂ ಮನೆಯವರು ಕಾಶಮ್ಮನ ಮಾತಿನ ಪರೀಕ್ಷೆಗೆ ಕಟ್ಟೆಯ ಮೇಲೆ ಬಂದು ಕೂತರು. ಕಾಶಮ್ಮ ನನ್ನ ಚಪ್ಪಲಿ ತಂದು ಅಂಗಳದಲ್ಲಿಟ್ಟಳು. ಇವತ್ತ ಐತಾರ ಅಲ್ಲೇನ ಎಂದೆ. "ಐತಾರ ಇದ್ರ ಏನಾತು? ಹಿತ್ತಲ ಉಳೀಬೇಕಂದ್ರ ನಡೀರಿ" ಎಂದಳು. ನಾನು ಬೆಳೆಸಿದ ಹಿತ್ತಲನ್ನು ಬಿಟ್ಟು ಭಾಲ್ಕಿಯ ಬೀದಿಗಳನ್ನೆಲ್ಲ ಸುತ್ತಿದೆ. ಮಧ್ಯಾಹ್ನ ಮರಳಿದಾಗ ಕಾಕಾ ಗುಡಿಯಲ್ಲಿ ಮಾತಾಡುವಂತೆ ಪಿಸುಗುಟ್ಟಿದರು: "ಜೋಡಿ ಬಂದಿತ್ರಿ ಕಾರಕೂನರ! ನೀಲಿ ಅಂದ್ರ ಏನು ನೀಲಿ! ಅಂಗಡಿ ತೆಗಿಯೋದೇ ಮರ್ತೇ ನಾ." ಹಿತ್ತಲು ಹಕ್ಕಿಗಳಿಗೇ ಉಳಿಯಿತು. ಬದನೆ ಸಸಿ ಕಾಕಾನ ಬೀಗರ ಮನೆಗೆ ಹೋಯಿತು. ಷರತ್ತು ಒಂದೇ: ಮಧ್ಯಾಹ್ನದ ತನಕ ಕಾರಕೂನರು ಹಿತ್ತಲಿಗೆ ಕಾಲಿಡಬಾರದು. ನನಗೆ ಖುಷಿಯಾಯಿತು, ಅಷ್ಟೇ ಸಂಕಟವೂ ಆಯಿತು.

ಈಗ ರಜೆಯ ದಿನವೂ ಬೆಳಿಗ್ಗೆ ಮನೆಯಲ್ಲಿದ್ದರೆ ಕಾಲು ಹಿತ್ತಲಿಗೇ ಎಳೆಯುತ್ತದೆಂದು ಕಚೇರಿಗೇ ಹೋಗುತ್ತೇನೆ. ಮೈಸೂರು ಕಡೆಯಿಂದ ಬಂದ ಹೊಸ ಸಾಹೇಬರು ಇದನ್ನು ಕಂಡು, ಸೋಮವಾರ ಎಲ್ಲರೆದುರು, "ಒಂದು ಕಡೆ ಕೂತು ಕೆಲಸ ಮಾಡೋದನ್ನ ಇವರನ್ನ ನೋಡಿ ಕಲೀರಿ" ಎಂದರು. ಮನೆಗೆ ಬಂದು ಕಾಶಮ್ಮನಿಗೆ ಹೇಳಿದೆ. "ಹಕ್ಕಿಗಿ ನೀವು ಹ್ಯಾಂಗ ಅಂತ ಒಂದೇ ದಿನಕ್ಕ ತಿಳೀತು. ನಿಮ್ಮ ಸಾಹೇಬರಿಗಿ ಇನ್ನಾ ತಿಳಿದಿಲ್ಲ ನೋಡ್ರಿ" ಎಂದಳು.

ಎಂಟು ಮನೆಯವರೂ ಕಂಡ ಸೂರಕ್ಕಿಯನ್ನು ನಾನೊಬ್ಬ ಕಂಡಿಲ್ಲ. ಸಂಜೆ ಚಹ ಕುಡಿಯುವಾಗ ಕಾಶಮ್ಮ ಅದು ಹೇಗೆ ಬಂತು, ಹೇಗಿತ್ತು ಎಂದು ಹೇಳುತ್ತಾಳೆ. ಪೂರ್ತಿ ಕೇಳುವಷ್ಟು ಹೊತ್ತು ಕೂರುವುದನ್ನು ಕಲಿಯುತ್ತಿದ್ದೇನೆ. ನಿನ್ನೆ ಕೊಕ್ಕಿನಿಂದ ರೆಕ್ಕೆಯವರೆಗೆ ಕೇಳಿದೆ. ಬಾಲ ಇನ್ನೂ ಬಾಕಿ ಇದೆ.